ಕುಣಿಕೆ

ಆಗಸ್ಟಿನ ಆ ನಾಲ್ಕು ರಾತ್ರಿ ಗುಜೋ ಮಲಗುವುದಿಲ್ಲ.
ನಾನೂ ಮಲಗುವುದಿಲ್ಲ, ಆದರೆ ಕುಣಿಯುವುದೂ ಇಲ್ಲ:
ಅಂಗಡಿ ತೆರೆದಿಟ್ಟು, ದೀಪದ ಕೆಳಗೆ
ಇಕ್ಕಳ, ದಬ್ಬಳ, ಒಂದು ಬುಟ್ಟಿ ಬಾರು ಇಟ್ಟುಕೊಂಡು
ಕೂತಿರುತ್ತೇನೆ. ಬೆಳಗಾಗುವುದರೊಳಗೆ
ಯಾರದಾದರೂ ಕಾಲಿನ ಹಾವುಗೆ ಕೈಕೊಡಲೇಬೇಕು.

ಬೀದಿಯ ನಡುವೆ ಮರದ ಅಟ್ಟ. ಮೇಲೆ ಕೊಳಲು, ನಗಾರಿ,
ಮೂರು ತಂತಿಯ ಶಾಮಿಸೆನ್,
ಗಂಟಲು ಕಟ್ಟಿದರೂ ಹಾಡು ಬಿಡದ ಇಬ್ಬರು.
ಸುತ್ತ ಸಾವಿರ ಜನ ಒಂದೇ ಸಲ ಹೆಜ್ಜೆ ಇಡುತ್ತಾರೆ
ಖಟ್.
ಹಿನೊಕಿ ಮರ ಕಲ್ಲಿಗೆ ಕೊಡುವ ಉತ್ತರ ಅದು.
ಸತ್ತವರು ಈ ದಿನಗಳಲ್ಲಿ ಮನೆಗೆ ಬರುತ್ತಾರಂತೆ;
ಈ ಸದ್ದಿಗೆ ಬಾರದೆ ಇರುವುದಾದರೂ ಹೇಗೆ?
ನಿದ್ದೆಗೆಟ್ಟು, ಬೈಯಲಿಕ್ಕೆ ಬರುತ್ತಾರೋ ಏನೋ.

ನನಗೆ ಊರಿನವರ ಮುಖ ಮರೆಯುತ್ತದೆ, ಹಿಮ್ಮಡಿ ಮರೆಯುವುದಿಲ್ಲ.
ಗಡಿಯಾರದಂಗಡಿಯ ಯಸುಜಿ ಎಡಗಾಲಿನ ಒಳಬದಿ ಸವೆಸುತ್ತಾನೆ,
ಯಾವುದನ್ನೋ ತಪ್ಪಿಸಿಕೊಂಡು ನಡೆಯುವವನ ಹಾಗೆ.
ಅಂಚೆಕಚೇರಿಯ ಹತ್ಸುಮಿಯದು ಮುಂದಿನ ಹಲ್ಲು ಮಾತ್ರ ಮೊಂಡು:
ಎಲ್ಲದಕ್ಕೂ ಅರ್ಧ ಹೆಜ್ಜೆ ಮುಂಚೆ ಅವಳು.
ಬೌದ್ಧಗುಡಿಯ ಗುರುಗಳದು ಸವೆಯುವುದೇ ಇಲ್ಲ.
ಕತ್ತಲಾದ ಮೇಲೆ ಕದ್ದು ಬಂದು
ಬರಿಗಾಲಲ್ಲಿ ಕುಣಿಯುತ್ತಾರಂತೆ.

ಮೂರು ಗಂಟೆ ದಾಟಿತ್ತು. ಕುಪ್ಪಳಿಸುತ್ತ ಒಬ್ಬ ಹುಡುಗ ಬಂದ,
ಬೆವರಿಗೆ ಬೆನ್ನಿಗಂಟಿದ ನೀಲಿ ಯುಕಾತಾ.
"ಬೇಗ ಅಕ್ಕಾ, ಈ ಹಾಡು ಮುಗಿಯುವ ಮೊದಲು!"
ಹಾವುಗೆ ಅವನಿಗಿಂತ ಹಳೆಯದು,
ನಗೊಯಾದ ಗುಜರಿ ಸಂತೆಯಲ್ಲಿ ಕೊಂಡಿದ್ದಂತೆ.
ಮಗುಚಿದೆ.
ಹೊಟ್ಟೆಯಡಿ ಒಂದು ಗಂಟು. ಎಡಗೈಯವರು ಹಾಕಿದ್ದು.

ನನ್ನ ಅತ್ತೆ ಕಿನುವೆ ಎಡಚಿ.
ಹತ್ತೊಂಬತ್ತು ವರ್ಷ ಇದೇ ಬೆಂಚಿನಲ್ಲಿ ಕೂತು ಬಾರು ಕಟ್ಟಿದಳು,
ಕೊನೆಯ ಸುತ್ತಿಗೆ ಬಂದಾಗ ಮಾತ್ರ
ನನಗೆ ಬೆನ್ನು ತಿರುಗಿಸುತ್ತಿದ್ದಳು.
ಕೇಳಿದರೆ, "ಚಹಾ ಆರುತ್ತಿದೆ, ನೋಡು."
ನಾನು ಕಟ್ಟಿದ್ದು ಎರಡು ಬೇಸಿಗೆಗೆ ಸಡಿಲ.
ಅವಳದು ಮರ ಸವೆದರೂ ಬಿಡುವುದಿಲ್ಲ.
ಇಲ್ಲಿಯೂ ಅಷ್ಟೇ, ಹರಿದದ್ದು ಬಾರು, ಗಂಟಲ್ಲ.

ಕತ್ತರಿ ಕೈಯಲ್ಲೇ ಇತ್ತು. ಕತ್ತರಿಸಿದರೆ ಅರ್ಧ ನಿಮಿಷದ ಕೆಲಸ.
ಹುಡುಗ ಕೊಕ್ಕರೆಯ ಹಾಗೆ ನಿಂತೇ ತೋಳು ಬೀಸುತ್ತಿದ್ದ.
ಕತ್ತರಿ ಕೆಳಗಿಟ್ಟೆ. ಉಗುರಿನಿಂದ ಬಿಡಿಸಿದೆ.
ಒಂದು ಸುತ್ತು. ಇನ್ನೊಂದು. ಆಮೇಲೆ
ಅಷ್ಟೇ. ಇನ್ನೇನೂ ಇರಲಿಲ್ಲ.
ನಾನು ಹಾಕುವುದೇ, ತುದಿಯನ್ನು ಮಾತ್ರ
ಒಮ್ಮೆ ಹಿಂದಕ್ಕೆ ತಂದು ತನ್ನಡಿಯಲ್ಲೇ ತೂರಿಸಿದ್ದಳು,
ಎರಡು ಹೆಜ್ಜೆ ಮುಂದಿಟ್ಟವರು ಒಂದು ಹಿಂದೆಗೆಯುವ ಹಾಗೆ.
ಗಂಟೇ ಅಲ್ಲ ಅದು, ಕುಣಿಕೆ,
ಕುಣಿದಷ್ಟೂ ಬಿಗಿಯುವಂಥದ್ದು.
ನಕ್ಕೆನೇನೋ. "ಏನಾಯ್ತು?" ಅಂದ ಹುಡುಗ.
"ಏನಿಲ್ಲ, ಚಹಾ ಆರಿತ್ತು" ಅಂದೆ.

ಅವಳ ಹಾಗೆ ಕಟ್ಟಿಕೊಟ್ಟೆ, ಬಲಗೈಯಲ್ಲಿ.
ಮೆಟ್ಟಿ ಓಡಿದ. ಸಾವಿರದಲ್ಲಿ ಒಂದು ಖಟ್ ಆದ.
ಬೆಂಚಿನಡಿ ನನ್ನ ಕಾಲುಗಳು
ಆಗಿನಿಂದಲೂ ಹೆಜ್ಜೆ ಹಾಕುತ್ತಿದ್ದವೆಂದು
ಬೆರಳು ನೋಯತೊಡಗಿದಾಗ ಗೊತ್ತಾಯಿತು.

ಹಾಡು ನಿಂತ ಮೇಲೆ ಯೊಶಿದಾ ಹೊಳೆಯ ಸದ್ದು ಮತ್ತೆ ಕೇಳಿತು.
ಪೊರಕೆ ಹಿಡಿದು ಹೊರಗೆ ಬಂದೆ.
ಬೀದಿಯ ತುಂಬ ಮರದ ಹುಡಿ, ತೌಡಿನಷ್ಟು ನಯ:
ಯಸುಜಿಯದು, ಹತ್ಸುಮಿಯದು, ಯಾರು ಯಾರದೋ.
ಯಾವುದು ಯಾರ ಹಲ್ಲಿನದೆಂದು ನಾನೂ ಹೇಳಲಾರೆ.
ಗುಡಿಸಿ ಬದಿಯ ಕಾಲುವೆಗೆ ನೂಕಿದೆ.
ಹಿನೊಕಿಯ ಘಮ ಒಮ್ಮೆ ಎದ್ದು
ನೀರಿನ ಜೊತೆ ಹೋಯಿತು.

ಆಗ ನೆನಪಾಯಿತು, ಹುಡುಗ ದುಡ್ಡು ಕೊಡಲೇ ಇಲ್ಲ.
ಮುನ್ನೂರು ಯೆನ್.
ಅತ್ತೆಯಾಗಿದ್ದರೆ
ಅಟ್ಟದ ತನಕ ಅಟ್ಟಿಸಿಕೊಂಡು ಹೋಗುತ್ತಿದ್ದಳು.