ಗಾಳಿ ಬಿಡಿಸುವವಳು

ಡುಲೂತಿನ ಗುಡ್ಡದ ಮೇಲೆ ಜನವರಿ.
ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ.
ಇಳಿಜಾರಿನ ಕೊನೆಯಲ್ಲಿ ಸರೋವರ ಹೆಪ್ಪುಗಟ್ಟುತ್ತ
ಆಗಾಗ ಹಲ್ಲು ಕಡಿಯುತ್ತದೆ.

ನಾವು ಕೊಂಡ ಈ ಮನೆಗೆ ಮೂರು ಹೋಬಳಿ,
ಒಂದೊಂದಕ್ಕೂ ಗೋಡೆಗಂಟಿದ ಒಬ್ಬ ಶೇಕದಾರ,
ಎರಡಂಕಿ ತೋರಿಸುತ್ತ ಕೂತಿರುತ್ತಾನೆ.
ನೆಲಮಾಳಿಗೆಯಲ್ಲಿ ಬಾಡಿಗೆಯ ಡ್ವೇನ್,
ಮೂವತ್ತು ವರ್ಷ ಅದಿರಿನ ರೈಲು ಓಡಿಸಿದವನು,
ಬೇಡ ಬೇಡವೆಂದರೂ ನುಗ್ಗುವ ಬಿಸಿಗೆ
ಬನಿಯನ್ನಿನಲ್ಲಿ ಬೆವರುತ್ತಾನೆ.
ನಡುಮನೆ ಹದ.
ಮಹಡಿಯಲ್ಲಿ ನನ್ನ ಮಗಳು ನೇಸರ
ಉಣ್ಣೆಟೋಪಿ ಹಾಕಿಕೊಂಡೇ ಮಲಗುತ್ತಾಳೆ.

ಅವಳ ಮಂಚದ ಪಕ್ಕದ ರೇಡಿಯೇಟರು
ರಾತ್ರಿ ಎರಡಕ್ಕೆ ಸರಿಯಾಗಿ ಗುಳುಗುಳು.
"ಅಮ್ಮಾ, ಯಾರೋ ಬಾಯಿ ಮುಕ್ಕಳಿಸ್ತಿದಾರೆ."
ನಿದ್ದೆಗಣ್ಣಲ್ಲಿ ನನ್ನ ಬಾಯಿಂದ ಹೊರಟಿದ್ದು
ನನ್ನ ದೊಡ್ಡತ್ತೆಯ ಮಾತು:
ಗಾಳಿ ಸೋಕಿದೆ.

ಕೈಸಾ ರಾಂಟಾಲಾ ಬಂದಳು.
ಹೇಳದೆಯೇ ಬೂಟು ಬಾಗಿಲಲ್ಲಿ ಬಿಟ್ಟಳು,
ಅಷ್ಟಕ್ಕೇ ನನಗೆ ಹಿಡಿಸಿದಳು.
ನಿಂಬೆಹಣ್ಣಿಲ್ಲ, ಬೇವಿನ ಸೊಪ್ಪಿಲ್ಲ,
ಒಂದು ಹಿತ್ತಾಳೆ ಕೀಲಿ, ಒಂದು ಹಳೇ ಬಟ್ಟೆ.
ತಿರುಗಿಸಿದಳು. ಮೊದಲು ಉಸಿರು,
ಆಮೇಲೆ ಉಗುಳು, ಆಮೇಲೆ ಕಪ್ಪು ನೀರು.
"ಬಿಟ್ಟಿತಾ?" ಅಂದೆ.
"ಬಿಡುತ್ತೆ. ಮತ್ತೆ ಬರುತ್ತೆ.
ಎಲ್ಲಿಂದ ಬರುತ್ತೆ ಅಂತ ನೋಡೋಣ."

ಹಾಗೆ ಕೇಳಿದ ಮಂತ್ರವಾದಿಯನ್ನು ನಾನು ಕಂಡಿಲ್ಲ.

ಕೆಳಗೆ, ಬಾಯ್ಲರಿನ ಮುಂದೆ ಮೊಣಕಾಲೂರಿ
ಸ್ಕ್ರೂಡ್ರೈವರಿನ ತುದಿ ಪಂಪಿಗೆ, ಹಿಡಿ ಕಿವಿಗೆ,
ಸೂಲಗಿತ್ತಿಯ ಹಾಗೆ ಬಹಳ ಹೊತ್ತು ಆಲಿಸಿದಳು.
"ಪಂಪು ಗಟ್ಟಿಮುಟ್ಟು. ಕೂತ ಜಾಗ ತಪ್ಪು.
ಈ ಬೂದು ಡಬ್ಬ ಇದೆಯಲ್ಲ,
ಕಾದು ಹಿಗ್ಗಿದ ನೀರಿಗೆ ಇಂಬು ಕೊಡೋದು,
ಪಂಪು ಎಷ್ಟೇ ಕುಣೀಲಿ,
ಇದರ ಬುಡದಲ್ಲಿ ಒತ್ತಡ ಏರೋದಿಲ್ಲ, ಇಳಿಯೋದಿಲ್ಲ.
ನಿಮ್ಮದು ಇದರ ಕಡೆಗೇ ತಳ್ಳುತ್ತಿದೆ.
ತಳ್ಳಿದ್ದು ಇಲ್ಲಿ ದಕ್ಕೋದಿಲ್ಲ,
ಹಿಂದಿನಿಂದ ಎಳೆದಿದ್ದಷ್ಟೇ ಲೆಕ್ಕ.
ಮೇಲಿನ ಕೋಣೆಯ ಕೊಳವೆಗೆ ಮೊದಲೇ ಬಲ ಕಮ್ಮಿ,
ಅದು ಸಂದುಗೊಂದಿಯಿಂದ ಗಾಳಿ ಕುಡಿಯುತ್ತೆ."

ಹೋದ ಚಳಿಗಾಲ ನಾವೇ ಹಟ ಹಿಡಿದು
ದೊಡ್ಡ ಪಂಪು ಹಾಕಿಸಿದ್ದನ್ನು ಒಪ್ಪಿಕೊಂಡೆ.
ನೀರಿಳಿಯದ ಗಂಟಲಿಗೆ ಕಡುಬು ತುರುಕಿದ್ದೆವು.
ಅವಳು ನಗಲಿಲ್ಲ.
ಟಾರ್ಚಿನ ಬೆಳಕು ಹಿಂದಿನ ಹಲಗೆಯ ಮೇಲೆ ನಿಂತಿತ್ತು.
ಅಲ್ಲಿ ಪೆನ್ಸಿಲಿನಲ್ಲಿ, ಎಡಕ್ಕೆ ವಾಲಿದ ಅಕ್ಷರ:
ಎಯ್ನೋ ಆರ್. ಎಪ್ಪತ್ತೊಂಬತ್ತರ ನವೆಂಬರ್.
ಹನ್ನೆರಡು ಪೌಂಡು. ಸೋರಿಕೆ ಇಲ್ಲ.

"ಅಪ್ಪ," ಅಂದಳು.

ಬಾಯ್ಲರು ಒಮ್ಮೆ ಹೊತ್ತಿಕೊಂಡು ಆರುವವರೆಗೆ ಸುಮ್ಮನಿದ್ದಳು.
"ಆಗ ಎಲ್ಲರೂ ವಾಪಸು ಬರೋ ನೀರಿನ ದಾರೀಲೇ ಕೂರಿಸುತ್ತಿದ್ದರು.
ಆಗಿನ ಸೀಲು ಬಿಸಿ ತಡೀತಿರಲಿಲ್ಲ."
ನಾವು ಯಾರೂ ಏನೂ ಕೇಳಿರಲಿಲ್ಲ.

ಸಂಜೆಯವರೆಗೆ ತಾಮ್ರ ಕೊಯ್ದಳು, ಬೆಸೆದಳು.
ಡ್ವೇನ್ ಟಾರ್ಚು ಹಿಡಿದ; ಮುಚ್ಚಲು ಮರೆತ
ಅವನ ಹೋಬಳಿಯ ವಾಲ್ವೂ ಬದಲಾಯಿತು.
ಪಂಪು ಈಗ ಆಚೆಬದಿ:
ಡಬ್ಬಕ್ಕೆ ಬೆನ್ನು, ಮನೆಗೆ ಮುಖ.
ಹಲಗೆಯನ್ನು ಒರೆಸಲಿಲ್ಲ.
ಕಿವಿಸಂದಿಯ ಪೆನ್ಸಿಲು ತೆಗೆದಳು, ನೋಡಿದಳು,
ಮತ್ತೆ ಅಲ್ಲೇ ಸಿಕ್ಕಿಸಿಕೊಂಡಳು.

ಬಿಲ್ಲಿನಲ್ಲಿ ನಾಲ್ಕೇ ಗಂಟೆ.
"ಆರಾಯಿತಲ್ಲ?" ಅಂದೆ.
"ಉಳಿದದ್ದು ನಮ್ಮ ಮನೇ ಲೆಕ್ಕ."

ಆ ರಾತ್ರಿ ಎರಡಕ್ಕೆ ಎಚ್ಚರವಾಗಿ ಕಿವಿಗೊಟ್ಟೆ.
ಏನಿಲ್ಲ. ಕೊಳವೆಯಲ್ಲಿ ನೀರು
ಬರಿಗಾಲಲ್ಲಿ ನಡೆದ ಹಾಗೆ.
ಟೋಪಿ ಕಿತ್ತೆಸೆದ ನೇಸರ ಕತ್ತಲಲ್ಲಿ ಕೇಳಿದಳು:
"ಅವರು ಎಲ್ಲಿಗೆ ಹೋದರು?"

ಉತ್ತರ ಹುಡುಕುವಷ್ಟರಲ್ಲಿ
ಕೆಳಗಿನ ಬಾಗಿಲು ಮೆಲ್ಲಗೆ ಬಡಿಯಿತು.
ಡ್ವೇನ್.
ಇನ್ನೊಂದು ಕಂಬಳಿ ಇದ್ದರೆ ಕೊಡಿ, ಅಂದ.