ಆನೆಕಿವಿಯ ಮರೆಯಲ್ಲಿ

ಆ ಗೆಡ್ಡೆ ಅವಳ ಕೈಗೆ ಬಂದದ್ದು ಭಾನುವಾರದ ಸಂತೆಯಲ್ಲಿ,
ಹಳೆ ಕಾಲುಚೀಲಗಳ ಪಕ್ಕ, ಹತ್ತು ಝ್ಲೋತಿಗೆ.
ಮೈತುಂಬ ಕೂದಲಿನ ಆಲೂಗಡ್ಡೆ, ಅಂದೆ ನಾನು.
ಆನೆಕಿವಿ, ಅಂದಳು ಬೊಗುಮಿವಾ, ಗಟ್ಟಿಯಾಗಿ.
ಅವಳು ಹೇಳುವುದೆಲ್ಲ ಗಟ್ಟಿಯಾಗಿಯೇ.

ಮೂವತ್ತೊಂದು ವರ್ಷ ವುಚ್ ಪಟ್ಟಣದ ಮಗ್ಗಗಳ ನಡುವೆ
ನಿಂತು ಬಂದವಳು. ಲಾಳಿ ಬಡಿದೂ ಬಡಿದೂ
ಒಳಕಿವಿಯ ಬಾಗಿಲು ಮುಚ್ಚಿಹೋಗಿದೆ.
ಆದರೆ ತುಟಿ ಓದುತ್ತಾಳೆ.
ಆ ಸದ್ದಿನೊಳಗೆ ಹೆಂಗಸರೆಲ್ಲ ಹಾಗೇ ಮಾತಾಡುತ್ತಿದ್ದರಂತೆ:
ಯಾರ ಮಗುವಿಗೆ ಜ್ವರ, ಯಾವ ಮೇಸ್ತ್ರಿಯ ಕೈ ಉದ್ದ,
ನಲವತ್ತು ಮಗ್ಗದಾಚೆಯಿಂದ, ಬರೀ ತುಟಿಯಲ್ಲಿ.

ನಮ್ಮಿಬ್ಬರ ತುಂಡುತೋಟದ ನಡುವೆ ಸೊಂಟದೆತ್ತರ ತಂತಿಬೇಲಿ.
ಇಪ್ಪತ್ತು ಹೆಜ್ಜೆ ದೂರದಿಂದ ನನ್ನ ಗೊಣಗಾಟ ಹಿಡಿದು
'ಮೂಲಂಗಿಗೆ ನೀರಿಲ್ಲ, ದೇವರನ್ನೇಕೆ ಬೈತೀ, ಝೆನೊನ್?' ಎನ್ನುವಳು.
ಟ್ರಾಮ್ ಓಡಿಸಿದವನು ನಾನು.
ಬೆನ್ನಹಿಂದೆ ನೂರು ಜನವಿದ್ದರೂ ಒಬ್ಬನೇ ಗೊಣಗಿ ಅಭ್ಯಾಸ.

ಮೇ ತಿಂಗಳ ಹಿಮದ ಸಂತರು ಮೂವರೂ ದಾಟಿ,
ಅವರ ಹಿಂದೆ ಚಳಿಯ ಸೋಫಿಯಾಳೂ ದಾಟಿದ ಮೇಲೆಯೇ
ಗೆಡ್ಡೆ ನೆಲಕ್ಕಿಳಿಯಿತು. ಬೇಲಿಗೆ ಒತ್ತಿ ನೆಟ್ಟಳು,
ನಲ್ಲಿ ಅಲ್ಲೇ ಇದೆಯಲ್ಲ ಎಂದು.
ಮೂರು ವಾರ ಏನೂ ಇಲ್ಲ. ನಾನು ನಕ್ಕೆ, ಅದನ್ನೂ ಓದಿದಳು.
ಆಮೇಲೊಂದು ಸುರುಳಿ, ಯಾರೋ ಮಡಚಿಟ್ಟು ಮರೆತ ಕಾಗದದಂತೆ.
ಬಿಚ್ಚಿಕೊಂಡಾಗ ಅಂಗೈ, ಮರುವಾರ ತಟ್ಟೆ,
ಜುಲೈ ಮುಗಿಯುವಾಗ ಮೊರದಗಲ.

ಗಿಡವೋ ಶುದ್ಧ ಕುಡುಕ.
ಬೆಳಗ್ಗೆ ಎರಡು ಬಕೆಟ್ಟು, ಸಂಜೆ ಎರಡು,
ವಾರಕ್ಕೊಮ್ಮೆ ಪೀಪಾಯಿಯಲ್ಲಿ ಕೊಳೆಸಿದ ತುರಿಕೆಸೊಪ್ಪಿನ ನೀರು.
ಆ ನಾತಕ್ಕೆ ಆಚೆ ತೋಟದ ವೊಯ್ತಾಸ್ ದಂಪತಿ
ಬಾಗಿಲು ಹಾಕಿಕೊಂಡು ಕಾಫಿ ಕುಡಿದರು.
ಹಳದಿ ಎಲೆ ಕೊಯ್ಯಹೋಗಿ, ಕೈಗವಸಿಲ್ಲದೆ, ರಸ ತಗುಲಿ
ಅವಳ ಮಣಿಕಟ್ಟು ಕೆಂಪೆದ್ದಿತು. ಗಿಡಕ್ಕೆ ಬೈಯಲಿಲ್ಲ, ನನಗೆ ಬೈದಳು.
ಬೆಳಗಿನ ಹೊತ್ತು ಪ್ರತಿ ಎಲೆಯ ತುದಿಗೂ ಒಂದೇ ಒಂದು ಹನಿ.
ಮಳೆಯಲ್ಲ, ಇಬ್ಬನಿಯಲ್ಲ, ಒಳಗಿನದೇ ನೀರು;
ಹೆಚ್ಚಾದದ್ದನ್ನು ರಾತ್ರಿ ಹಾಗೆ ಇಳಿಸಿಕೊಳ್ಳುತ್ತದಂತೆ.

ಆಗಸ್ಟಿನಲ್ಲಿ ಅವಳು ಕಾಣದಾದಳು.
ಅಂದರೆ ಇದ್ದಳು, ಎಲೆಗಳಾಚೆ.
ಬಕೆಟ್ಟಿನ ಹಿಡಿಕೆ, ರಬ್ಬರ್ ಬೂಟಿನ ಚಪ್‌ಚಪ್ ನನಗೆ ಕೇಳುತ್ತಿತ್ತು.
ನನ್ನ ತುಟಿ ಅವಳಿಗೆ ಕಾಣುತ್ತಿರಲಿಲ್ಲ.

ಆಗ ನಾನು ಮಾತಾಡತೊಡಗಿದೆ.
ಮೊದಲು ಮೂಲಂಗಿ. ನಂತರ ಮೊಣಕಾಲು.
ಆಮೇಲೆ ಒಂದು ಫೆಬ್ರವರಿಯ ನಸುಕು, ಗಿರಣಿಯ ಗೇಟು,
ಹಿಮದಲ್ಲಿ ಜಾರುತ್ತ ಓಡಿಬಂದ ಹಸಿರು ಶಾಲಿನ ಹುಡುಗಿ,
ಅವಳಿಗಾಗಿ ಒಂದೂವರೆ ನಿಮಿಷ ಟ್ರಾಮ್ ನಿಲ್ಲಿಸಿದ್ದು,
ದಂಡ ಕಟ್ಟಿದ್ದು,
ಮರುದಿನವೂ ನಿಲ್ಲಿಸಿದ್ದು.
ಗೋಡೆಗೂ ಕಿವಿಯಿರುತ್ತದೆ ಅನ್ನುತ್ತಾರೆ.
ಇಲ್ಲಿ ಒಂಬತ್ತು ಕಿವಿಗಳಿದ್ದವು, ಆನೆಯವು.
ಒಂದೂ ಚಾಡಿ ಹೇಳಲಿಲ್ಲ.

ಅಕ್ಟೋಬರ್ ಒಂಬತ್ತರ ರಾತ್ರಿ ಹಿಮ ಕಚ್ಚಿತು.
ಬೆಳಗ್ಗೆ ಬಂದೆ, ಕೆಳಗೆ ನೋಡುತ್ತಲೇ ವಾಡಿಕೆಯಂತೆ ಶುರುಮಾಡಿದೆ:
'ಆ ಹಸಿರು ಶಾಲು ಈಗಲೂ ನನ್ನ...'
ತಲೆಯೆತ್ತಿದರೆ ಎಲೆಗಳೇ ಇಲ್ಲ.
ಬೆಂದ ಸೊಪ್ಪಿನಂತೆ ಕಪ್ಪಾಗಿ ದಂಟಿಗೆ ಜೋತಿವೆ.
ಅವುಗಳಾಚೆ ಅವಳು, ಸಲಿಕೆ ಹಿಡಿದು,
ನೇರ ನನ್ನ ಬಾಯನ್ನೇ ನೋಡುತ್ತ.

ಟ್ರಾಮಿಗಾದರೆ ಬ್ರೇಕ್ ಇತ್ತು.

ಅವಳು ದಂಟು ಕತ್ತರಿಸಿದಳು, ಒಂದು ಗೇಣು ಉಳಿಸಿ.
ದೂರದಿಂದ ಸುತ್ತ ಸಲಿಕೆ ಊರಿ ಮೆಲ್ಲಗೆ ಮೀಟಿದಳು.
ಒಂದಿದ್ದದ್ದು ಮೂರಾಗಿತ್ತು.
ಮಣ್ಣು ಕೊಡವಿ ದೊಡ್ಡದನ್ನು ಬೇಲಿಯ ಮೇಲಿಂದ ನೀಡಿದಳು:
'ನನ್ನ ನೆಲಮಾಳಿಗೆ ಒದ್ದೆ. ನಿನ್ನದರಲ್ಲಿಡು.
ವಾರ ಒಣಗಿಸು, ಆಮೇಲೆ ಮರಳು.
ಎಷ್ಟೇ ಪಾಪ ಅನಿಸಿದರೂ ನೀರು ಹಾಕಬೇಡ.
ತಿಂಗಳಿಗೊಮ್ಮೆ ಒತ್ತಿ ನೋಡು. ಮೆತ್ತಗಾದರೆ ಬಂದು ಹೇಳು.'
ತಿರುಗಿ ನಾಲ್ಕು ಹೆಜ್ಜೆ ಹೋದಳು. ಅಲ್ಲಿಂದಲೇ,
ವೊಯ್ತಾಸ್ ದಂಪತಿಗೂ ಕೇಳುವ ಹಾಗೆ:
'ಶಾಲು ಹಸಿರಲ್ಲ. ನೀಲಿ.'

ಈಗ ಜನವರಿ. ಬೂಟಿನ ಡಬ್ಬ, ಮರಳು.
ಟಾರ್ಚು ಹಲ್ಲಲ್ಲಿ ಕಚ್ಚಿ ಹೆಬ್ಬೆರಳಿನಿಂದ ಒತ್ತುತ್ತೇನೆ.
ಗಟ್ಟಿಯಿದೆ.