ವಾಕ್ಯದ ಬಾಲ

ಪರದೆಯ ಮೇಲೆ ದನಿಯೆಂದರೆ ಬರೀ ಗೆರೆಗಳು.
ಒತ್ತೊತ್ತಾಗಿ ನಿಂತರೆ ತುಂಬುಗಂಟಲು.
ಹಲ್ಲುದುರಿದ ಬಾಚಣಿಗೆಯ ಹಾಗೆ
ಅಲ್ಲೊಂದು ಇಲ್ಲೊಂದು ಉಳಿದರೆ
ಕಿರುಗುಟ್ಟುವ ದನಿ.
ನಾನು ಅದನ್ನು ಕಿರ್ರು ಅನ್ನುತ್ತೇನೆ.
ಕಿರ್ರುಗಳನ್ನು ಎಣಿಸುವುದು ನನ್ನ ಕೆಲಸ.

ಒಟ್ಟಾವಾದ ಒಂದು ನೆಲಮಾಳಿಗೆ. ಗೋಡೆಗೆಲ್ಲ
ಮೊಟ್ಟೆಯ ತಟ್ಟೆಯಂಥ ಕಪ್ಪು ಸ್ಪಂಜು.
ಇಂಗ್ಲಿಷಿನವರು ಬಂದು ಫ್ರೆಂಚ್ ಓದುತ್ತಾರೆ,
ಫ್ರೆಂಚಿನವರು ಇಂಗ್ಲಿಷ್. ಒಂದೇ ವಾಕ್ಯ, ಹನ್ನೆರಡು ಸಲ:
ಒಂಬತ್ತರ ದೋಣಿ ಹೊರಟುಹೋಗಿದೆ.
ಪಾಪ, ಎಷ್ಟು ಸಲ ಹೊರಟರೂ ಅದು ದಡದಲ್ಲೇ.

ಇಂಗ್ಲಿಷಿನವರಿಗೆ ಮಾತು ಮುಗಿಯುವ ಹೊತ್ತಿಗೆ
ಉಸಿರು ತಗ್ಗಿ, ಕೊನೆಯ ಪದ ತಳ ಕೆರೆಯುತ್ತದೆ,
ಖಾಲಿ ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ.
ನಮ್ಮ ಫ್ರೆಂಚಿನಲ್ಲಿ ಕೊನೆಯ ಅಕ್ಷರಕ್ಕೇ ಮರ್ಯಾದೆ.
ಎಳೆದು, ತುಸು ನೀವಿ, ಕೂರಿಸಿ ಕಳಿಸುತ್ತೇವೆ.
(ನಿಯಮವೇನಲ್ಲ. ನನ್ನ ಚಿಕ್ಕಪ್ಪ ಅಪ್ಪಟ ಫ್ರೆಂಚಿನವ,
ಮೂವತ್ತು ವರ್ಷದ ಸಿಗರೇಟಿನ ದೆಸೆಯಿಂದ
ವಾಕ್ಯದ ತಲೆಯಲ್ಲೂ ಬಾಲದಲ್ಲೂ ಕಿರುಗುಟ್ಟಿದ.)

ಲಾಕ್ಲನ್ ಕಿಂಗ್‌ಸ್ಟನ್ನಿನವ. ಮೂವತ್ತೆಂಟಕ್ಕೆ ಫ್ರೆಂಚ್ ಕಲಿತ.
ನನಗಾಗಿ, ಎನ್ನುತ್ತಾನೆ.
ಬಡ್ತಿಗಾಗಿ, ಎನ್ನುತ್ತದೆ ಗೋಡೆಯ ಪ್ರಮಾಣಪತ್ರ.
ವ್ಯಾಕರಣ ತಪ್ಪುವುದಿಲ್ಲ. ಚಾಕು ಗಂಡು, ಮೇಜು ಹೆಣ್ಣು,
ಎಲ್ಲಾ ಬಾಯಿಪಾಠ. ಆದರೂ ಪ್ರತಿ ವಾಕ್ಯದ ಬಾಲದಲ್ಲಿ
ಅವನ ಊರಿನ ಬಾಗಿಲೊಂದು ಕಿರ್ರೆನ್ನುತ್ತದೆ.

ಮೊದಲ ಭಾನುವಾರ, ಸೇತುವೆ ದಾಟಿ,
ಅಮ್ಮನ ಮನೆಗೆ ಕರೆದುಕೊಂಡು ಹೋದೆ.
ಅಮ್ಮ ಕಿವಿಗೊಟ್ಟು ಕೇಳಿದಳು. ಎದ್ದಳು.
ಬಿಸಿನೀರು, ಜೇನು, ಒಣಗಿದ ಥೈಮ್ ಸೊಪ್ಪು.
"ಪಾಪದ ಹುಡುಗ, ಗಂಟಲು ಕಟ್ಟಿದೆ."
ಕುಡಿದ. ತುಂಬಾ ಚೆನ್ನಾಗಿದೆ ಎಂದ.
ಕೊನೆಯ ಅಕ್ಷರ ಕರಕರ.
ಇನ್ನೊಂದು ಲೋಟ ಬಂತು.

ಹನ್ನೊಂದು ವರ್ಷ.
ಬಿಡಿಸಿ ಹೇಳಿದೆ: ಅಮ್ಮಾ, ಅದು ನೆಗಡಿಯಲ್ಲ, ಇಂಗ್ಲಿಷು.
"ಇರಲಿ," ಎಂದಳು, "ಅದಕ್ಕೂ ಜೇನು ಒಳ್ಳೆಯದೇ."

ಅಷ್ಟರಲ್ಲಿ ನನಗೂ ತಗುಲಿತ್ತು.
ಇಂಗ್ಲಿಷಿನಲ್ಲಿ 'ಸರಿ, ನೋಡೋಣ' ಅನ್ನುವಾಗ
ದನಿ ತಾನಾಗಿ ಮೆಟ್ಟಿಲಿಳಿದು ತಳದಲ್ಲಿ ಕೂರುತ್ತಿತ್ತು.
ಒಂದು ಸಂಜೆ ಯಾರೂ ಇಲ್ಲದಾಗ
ನನ್ನದೇ ಮಾತು ಹಾಕಿಕೊಂಡು ಎಣಿಸಿದೆ.
ಇಂಗ್ಲಿಷಿನಲ್ಲಿ ನಲವತ್ತೊಂದು. ಫ್ರೆಂಚಿನಲ್ಲಿ ಆರು.
ಆ ಆರು ಎಲ್ಲಿಂದ ನುಸುಳಿದವು?
ಹಿಂದಕ್ಕೆ ಹೋಗಿ ಹೋಗಿ ಕೇಳಿದೆ.
ಆರರಲ್ಲಿ ನಾಲ್ಕು, 'ಇಲ್ಲ' ಅನ್ನುವಲ್ಲಿ.
ಯಾರಿಗೆ ಇಲ್ಲ ಅಂದಿದ್ದೆನೋ, ನೆನಪಿಲ್ಲ.

ಈ ಮಾರ್ಚಿನಲ್ಲಿ ಅಮ್ಮನಿಗೆ ಎಂಬತ್ತಾರು, ಆಸ್ಪತ್ರೆಯ ಹಾಸಿಗೆ.
ನದಿಯ ಮಂಜುಗಡ್ಡೆ ಒಳಗೊಳಗೇ ಬಿರಿಯುವ ಕಾಲ.
ಉಸಿರು ಸಾಲದೆ, ಒಂದೊಂದು ಪದವೂ ಬೇರೆ ಬೇರೆಯಾಗಿ,
ಕಟ್, ಕಟ್, ಕಟ್, ಗಂಟಲಲ್ಲಿ ಒಡೆದು ಬರುತ್ತಿತ್ತು.
ಲಾಕ್ಲನ್ ಫ್ಲಾಸ್ಕು ತೆರೆದ. ಥೈಮಿನ ವಾಸನೆ.
ಅವಳು ಅವನ ಮುಖ ನೋಡಿದಳು, ಬಹಳ ಹೊತ್ತು.
"ನೋಡು. ಕೊನೆಗೂ ಬಂತು ನನಗೆ
ನಿನ್ನ ಉಚ್ಚಾರಣೆ."
ಒಂದು ಗುಟುಕು ಕುಡಿದು
ಲೋಟ ಅವನ ಕಡೆಗೇ ತಳ್ಳಿದಳು.
ಅವನು ಏನೋ ಹೇಳಿದ. ಇಬ್ಬರೂ ಒಂದೇ ತಗ್ಗಿನಲ್ಲಿ
ಕಿರುಗುಟ್ಟುತ್ತಿದ್ದರು.
ಎರಡು ಹಳೆಯ ಕುರ್ಚಿಗಳು ಮಾತಾಡಿಕೊಂಡ ಹಾಗೆ.
ಮುದ್ರಿಸುವ ಯಂತ್ರ ನನ್ನ ಚೀಲದಲ್ಲೇ ಇತ್ತು.
ತೆಗೆಯಲಿಲ್ಲ.

ಏಪ್ರಿಲ್. ನೆಲಮಾಳಿಗೆಗೆ ಇಪ್ಪತ್ತಮೂರನೆಯವರು ಬಂದರು,
ಬಸ್ ಓಡಿಸುವ ಹೆಂಗಸು, ಹ್ಯಾಮಿಲ್ಟನ್ ಕಡೆಯವಳು.
ಕನ್ನಡಕ ಒರೆಸಿಕೊಂಡು ಫ್ರೆಂಚಿನಲ್ಲಿ ಓದಿದಳು:
ಒಂಬತ್ತರ ದೋಣಿ ಹೊರಟುಹೋಗಿದೆ.
ಕೊನೆಯ ಅಕ್ಷರದ ಕೆಳಗೆ ಗುರುತು ಹಾಕಲು
ಕೈ ಹೋಯಿತು.
ಬಿಸಿನೀರು ಬೇಕೇ, ಎಂದು ಕೇಳಿದೆ.